ಕೆಂಚನ ಕೊರಳಿನ ಮರದ ತುಂಡು

ನವೆಂಬರ್ ೧೪, ೨೦೨೪. ಕೆಂಪಾಪುರ, ಮಧ್ಯಾಹ್ನ. ಕುರಿಗಳು ಹೊಂಗೆಯ ನೆರಳಿನಲ್ಲಿವೆ.

ಅಪ್ಪ,

ನೀನು ಹೋಗಿ ಮೂರು ತಿಂಗಳಾಯಿತು. ನಮ್ಮ ನಾಯಿಗೂ ತೋಳಕ್ಕೂ ಹುಟ್ಟಿದ ನಿನ್ನ ಕೆಂಚ ಚೆನ್ನಾಗಿದ್ದಾನೆ. ನೀನು ಆಸ್ಪತ್ರೆ ಸೇರಿದ ದಿನವೇ, ಕುರಿಗಳ ಹಿಂದೆ ಓಡದಿರಲೆಂದು ಅವನ ಕೊರಳಿಗೆ ಮರದ ತುಂಡು ಕಟ್ಟಿದೆ. "ಅದ್ರ ಕತ್ಗೆ ಏನೂ ಕಟ್ಟಿಲ್ಲ ತಾನೆ?" ಎಂದು ನೀನು ಕೇಳಿದಾಗ ಇಲ್ಲ ಎಂದೆ.

ಇವತ್ತು ಬೆಳಿಗ್ಗೆ ಒಂದು ಕುರಿ ಪೊದೆಯ ಹಿಂದೆ ಈದಿತ್ತು. ಹೋಗಿ ನೋಡಿದರೆ ಮರಿಯ ಮೇಲೆ ಕೆಂಚನ ಬಾಯಿ. ಕಲ್ಲೆತ್ತಿದೆ. ಪಕ್ಕದ ಹೊಲದಿಂದ ದಾಸಮ್ಮತ್ತೆ ಕೂಗಿದರು: "ಕಲ್ ಬುಡೇ! ನೆಕ್ತಾ ಐತೆ ಕಣೇ. ನಿಮ್ಮಪ್ಪನ ಕಣ್ಣು ನಿಂಗೆ ಒಸಿನಾದ್ರೂ ಬರ್ಬಾರ್ದಾಗಿತ್ತಾ?"

ಕೆಂಚ ನಿಂತು ಬಗ್ಗಿದ್ದರೆ ಕೊರಳಿನ ತುಂಡು ಮರಿಗೆ ಬಡಿಯುತ್ತಿತ್ತು. ಅವನು ಹೊಟ್ಟೆಯೂರಿ ಮಲಗಿ, ಕತ್ತು ಚಾಚಿ ನೆಕ್ಕುತ್ತಿದ್ದ. ತಾಯಿ ಕುರಿ ಹೆದರದೆ ಪಕ್ಕದಲ್ಲೇ ನಿಂತಿತ್ತು.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಇಂಥ ಪ್ರಾಣಿ ಕೊನೆಗೆ ಕಾಡು ಸೇರುತ್ತದೆ, ಇಲ್ಲವೇ ಗುಂಡೇಟಿಗೆ ಸಾಯುತ್ತದೆ. ನಮ್ಮ ಕೆಂಚ ಮುದ್ದೆ ತಿಂದು ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಭಾರವಾಗಿದ್ದಾನೆ, ಹಿತವಾಗಿದೆ.

ತುಂಡು ಕಟ್ಟಿದ ಹಗ್ಗದ ಗಂಟು ಬಿಚ್ಚಲಾಗದಷ್ಟು ಬಿಗಿದುಹೋಗಿದೆ. ಕುಡುಗೋಲು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅವನು ಎದ್ದ ಕೂಡಲೇ ಹಗ್ಗ ಕೊಯ್ಯುತ್ತೇನೆ.