ಅವ್ವನ ಹೆಸರಿನ ಮೀನು

ದಾವಣಗೆರೆ
೧೨ ನವೆಂಬರ್ ೧೯೯೮

ಪ್ರೀತಿಯ ತಮ್ಮ ಪ್ರಶಾಂತನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೊಂಡಿರುತ್ತೀಯ, ಬೈದುಕೋ. ಈ ಮನೆಯಲ್ಲಿ ಉಸಿರು ಬಿಡಲೂ ಹೆದರಿಕೆಯಾಗಿತ್ತು.

ಎಲ್ಲ ಅಪ್ಪಾಜಿಯ ಮೀನುಗಳಿಂದಲೇ. ಅವರು ಪ್ರಾಣಿಶಾಸ್ತ್ರದ ಪಾಠ ಮುಗಿಸಿ ರಿಟೈರಾದ ಮೇಲೆ ಜಪಾನಿನ ಸ್ನೇಹಿತರು ಸ್ಪಿರಿಟ್ ಸೀಸೆಗಳಲ್ಲಿ ಕಳಿಸಿದರಲ್ಲ, ಬೆರಳುದ್ದದ, ಮುಳ್ಳುತಲೆಯ ಕಡಲ ಮೀನು, ಸ್ಕಲ್ಪಿನ್. ಆ ಪುಟ್ಟ ಕುಲದಲ್ಲಿ ಗೊತ್ತಿರುವುದು ಮೂರೇ ಪ್ರಭೇದ. ಕಣ್ಣಿನ ಮೇಲೆ ಉದ್ದ ಕುಚ್ಚಿರುವವು ನಾಲ್ಕನೆಯದು ಎಂದು ಅಪ್ಪಾಜಿ ತೀರ್ಮಾನಿಸಿ, ಹೋದ ವರ್ಷ ತೀರಿಕೊಂಡ ಅವ್ವನ ಹೆಸರನ್ನೇ ಇಟ್ಟಿದ್ದರು: ಕಸ್ತೂರಿ. ವಿಜ್ಞಾನ ಪತ್ರಿಕೆಗೆಂದು ಬರೆದ ಲೇಖನದಲ್ಲಿ ಅವರ ಜೊತೆ ನನ್ನ ಹೆಸರೂ ಇತ್ತು.

ಬೇರೆ ಯಾರೇ ಆಗಿದ್ದರೂ ಮೊದಲು ಹೊಟ್ಟೆ ಸೀಳಿ ನೋಡುತ್ತಿದ್ದರು. ಆದರೆ ಸೀಸೆಗಳು ಬಂದ ದಿನ ಅವ್ವ ಷರತ್ತು ಹಾಕಿದ್ದು ನಿನಗೆ ನೆನಪಿದೆಯಲ್ಲ? "ಲಿಂಗಪೂಜೆ ಮಾಡೋ ಮನೆ ರೀ ಇದು. ಇಟ್ಕೊಂಡು ನೋಡ್ರಿ, ಬ್ಯಾಡ ಅನ್ನಲ್ಲ. ಕೊಯ್ಯೋದು ಮಾತ್ರ ಬ್ಯಾಡ." ಅವ್ವ ಹೋದ ಮೇಲೂ ಅಪ್ಪಾಜಿ ಆ ಮಾತು ಮೀರಲಿಲ್ಲ. ಎಲ್ಲವನ್ನೂ ಹೊರಗಿನಿಂದಲೇ ಅಳೆದರು.

ಈ ಕುಚ್ಚು ಬರೀ ಗಂಡಿನ ಗುರುತೇನೋ ಎಂದು ನನಗೆ ಅನುಮಾನ ಬಂತು. ಎರಡು ಸೀಸೆಗಳನ್ನು ನಾನು ಪಾಠ ಮಾಡುವ ಹರಿಹರದ ಕಾಲೇಜಿಗೆ ಒಯ್ದು, ಸಹೋದ್ಯೋಗಿ ನೂರ್ಜಹಾನ್ ಜೊತೆ ಲ್ಯಾಬಿನಲ್ಲಿ ಕೊಯ್ದೆ. ಕುಚ್ಚಿರುವವೆಲ್ಲ ಗಂಡು. ಕುಚ್ಚಿಲ್ಲದವುಗಳ ಹೊಟ್ಟೆ ತುಂಬ ಮೊಟ್ಟೆ. ಹೊಸ ಪ್ರಭೇದವೂ ಅಲ್ಲ, ಏನೂ ಅಲ್ಲ; ಹಳೆಯ ಪ್ರಭೇದದ ಗಂಡ ಹೆಂಡಿರೇ.

"ಹೇಳಬ್ಯಾಡ ಲತಾ, ವಯಸ್ಸಾದೋರು, ತಡ್ಕೊಳ್ಳಲ್ಲ" ಎಂದಳು ನೂರ್ಜಹಾನ್. ಹೇಳದಿದ್ದರೆ ನಾಳೆ ಇನ್ಯಾರೋ ಕೊಯ್ದು ನೋಡಿ ನಗುತ್ತಾರೆ, ಅದೂ ಅವ್ವನ ಹೆಸರು ಹಿಡಿದು. ಬಸ್ಸು ಹಿಡಿದು ನೇರ ಮನೆಗೆ ಬಂದೆ ಕಣೋ.

ಅಪ್ಪಾಜಿ ಲೇಖನದ ಲಕೋಟೆಗೆ ಅಂಟು ಹಚ್ಚುತ್ತಿದ್ದರು. ಹೇಳಿಬಿಟ್ಟೆ.

"ಕೊಯ್ದೆಯಾ?"

"ಈ ಮನ್ಯಾಗಲ್ಲ ಅಪ್ಪಾಜಿ, ಹರಿಹರದಾಗೆ."

ನಾನು ತಂದ ಮೀನನ್ನು ಲೆನ್ಸಿನಡಿ ಇಟ್ಟು ಬಹಳ ಹೊತ್ತು ನೋಡಿದರು. "ಗಂಡೇ ಐತೆ" ಎಂದರು. ಲಕೋಟೆ ಬಿಚ್ಚಿ, ಅವ್ವನ ಹೆಸರಿದ್ದ ಕಡೆಯಲ್ಲೆಲ್ಲ ಗೀಟು ಎಳೆದರು. ಆ ಕುಲದಲ್ಲಿ ಮೂರೇ ಪ್ರಭೇದ, ಗಂಡು ಹೆಣ್ಣು ಬೇರೆಯಾಗಿ ಕಾಣುತ್ತವೆ ಎಂದು ತಿದ್ದಿ ಬರೆದು, ಮೊನ್ನೆ ತಾವೇ ಹೋಗಿ ಪೋಸ್ಟ್ ಮಾಡಿ ಬಂದರು. ನಮ್ಮ ಹೆಸರಿನಲ್ಲಿ ಸುಳ್ಳು ಹೋಗಲಿಲ್ಲವಲ್ಲ, ಅಷ್ಟು ಸಮಾಧಾನ.

ನಿನ್ನ ಹೆಂಡತಿ ಪೂಜಾಳ ಕೆಮ್ಮು ವಾಸಿಯಾಯಿತೇ? ಇಬ್ಬರೂ ನಗುನಗುತ್ತ ತಣ್ಣಗೆ ಬಾಳಿರಪ್ಪ.

ನಿನ್ನ
ಲತಕ್ಕ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಗೀಟು ಎಳೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತ ಅಪ್ಪಾಜಿ, "ನಿಮ್ಮವ್ವನ್ನ ಒಂದ್ಸಲ ನಾನು ಮಣ್ಣು ಮಾಡಿದೆ. ಇನ್ನೊಂದ್ಸಲ ನೀನು ಮಾಡಿದೆ ಬಿಡವ್ವ" ಎಂದರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಡಿಸಿದರೆ ಉಣ್ಣುತ್ತಾರೆ, ಮುಖ ನೋಡುವುದಿಲ್ಲ. ಅಪ್ಪಾಜಿ ಅಂದ ಹಾಗೇ ನಿನಗೂ ಅನ್ನಿಸುತ್ತದೆಯೇ ಪ್ರಶಾಂತ? ಹೌದು ಎನ್ನುವುದಾದರೂ ಸರಿ, ಬರೆ.