ಬಾಟಲಿಯ ತಳದ ಪುಡಿ

ಗುರುವಾರ, ಮಧ್ಯಾಹ್ನ

ಪುಟ್ಟೀ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಇದನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲವಲ್ಲ! ನನಗೆ ರಜೆ ಇದೆ, ಪುರುಸೊತ್ತೂ ಇದೆ. ಕೂತು ಓದು.

ನಿನ್ನ ಹುಟ್ಟುಹಬ್ಬಕ್ಕೆ ನಾನೊಂದು ಫೋಟೊ ಕಳಿಸಿದ್ದೆ. ನೀರಿನ ಟ್ಯಾಂಕಿನ ಮೇಲೆ ಪಕ್ಕದ ಮನೆಯ ನಿನ್ನ ಬಾಟಲಿ ಚಿಕ್ಕಮ್ಮ, ಕೈಯಲ್ಲಿ ಪರೀಕ್ಷೆಗೆ ನೀರು ತುಂಬುವ ಬಾಟಲಿ, ಮುಖದ ತುಂಬ ನಗು. "ಮಗೂಗೆ ಕಳಿಸು, ಚಿಕ್ಕಮ್ಮ ಇನ್ನೂ ಬಾಟಲಿ ಬಿಟ್ಟಿಲ್ಲ ಅಂತ ಹೇಳು" ಎಂದು ಅವಳೇ ನಿಂತು ತೆಗೆಸಿಕೊಂಡದ್ದು. ಬಾಟಲಿಯ ತಳದಲ್ಲಿ ಚಿಟಿಕೆ ಬಿಳಿ ಪುಡಿ ಕಾಣುತ್ತದೆ. ನೀನು ಅದನ್ನು ಗೆಳೆಯರ ಗುಂಪಿಗೆ ಹಾಕಿ ಕೆಳಗೆ ಬರೆದೆ: "ಬಾಟಲಿ ಚಿಕ್ಕಮ್ಮನ ಕೈಗುಣ, ಊರಿಗೆಲ್ಲ ಯಹೂದಿ ಪುಡಿ!" ಆ ಫೋಟೊ ನಾನು ಕಳಿಸಿದ್ದು ನಿನಗೊಬ್ಬಳಿಗೇ. ಇನ್ಯಾರ ತಲೆಗೆ ಕಟ್ಟಲಿ ಹೇಳು?

ತಮಾಷೆಗೆ ಹಾಕಿದ್ದು ಅನ್ನುತ್ತೀಯ. ಇರಬಹುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆಮೇಲೆ ದೊಡ್ಡ ಪೈಪು ಒಡೆಯಿತು. ಮನೆಮನೆಗೂ ಕೆಸರು ನೀರು, ಮಕ್ಕಳಿಗೆ ವಾಂತಿ. ಆ ಗಲಾಟೆಯಲ್ಲಿ ಯಾರದೋ ಫೋನಿನಿಂದ ನಿನ್ನ ತಮಾಷೆ ಎದ್ದು ಬಂತು. "ನೋಡಿ, ಪುಡಿ ಹಾಕ್ತಿರೋದು ಕಣ್ಣಿಗೇ ಕಾಣ್ತಿದೆಯಲ್ಲ" ಅಂದರು ಜನ. ಪುಟ್ಟಿ, ಆ ಪುಡಿ ಏನು ಅಂತ ನಿನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ, ನಾನೂ ಅವಳೂ ದುಡಿಯುವ ನೀರು ಪರೀಕ್ಷೆಯ ಲ್ಯಾಬಿನ ಬೆಂಚಿನ ಮೇಲೆ ಕೂತು ಅವಳ ಜೊತೆ ನೀನೇ ಚಿಟಿಕೆ ಚಿಟಿಕೆ ಹಾಕಿದ್ದೀಯ. ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲೇ ಬಾಟಲಿಯೊಳಗಿನ ಕ್ರಿಮಿಗಳನ್ನು ಕೊಂದುಬಿಟ್ಟರೆ ಕೆಟ್ಟ ನೀರೂ ಪರೀಕ್ಷೆಯಲ್ಲಿ ಒಳ್ಳೆಯದಾಗಿ ತೋರುತ್ತದೆ. ಹಾಗಾಗದಿರಲಿ ಅಂತ ಆ ಪುಡಿ. ಊರಿಗೆ ನಿಜ ಗೊತ್ತಾಗಲಿ ಅಂತಲೇ ಹಾಕುವ ಪುಡಿ ಅದು.

ಇಂಜಿನಿಯರು ಬೀದಿಬೀದಿಗೆ ನಮ್ಮ ಲ್ಯಾಬಿನ ವರದಿ ಅಂಟಿಸಿದರು: ಪೈಪಿಗೆ ನುಗ್ಗಿದ ಕೊಳಕು, ಬೇರೇನೂ ಅಲ್ಲ. ಹಾಲಿನಂಗಡಿಯಾಕೆ ಓದಿ, "ಅವರೇ ಕಲಸಿ ಅವರೇ ಪರೀಕ್ಷೆ ಮಾಡಿದ್ರೆ ಇನ್ನೇನು ಬರುತ್ತೆ" ಅಂದಳು. ಸಹಿ ನನ್ನದು ಕಣಮ್ಮಾ ಅಂದೆ. "ನಿಮ್ಮನ್ನೂ ಬುಟ್ಟಿಗೆ ಹಾಕ್ಕೊಂಡಿದ್ದಾರೆ ಬಿಡಿ. ಅವರ ಜನ ಎಲ್ಲಾ ಕಡೆ ಇದ್ದಾರೆ" ಅಂದಳು. ಎಲ್ಲಾ ಕಡೆ ಇರುವ ಯಹೂದಿಗಳು ನಮ್ಮೂರಲ್ಲಿ ಇಬ್ಬರೇ: ಅವಳು, ಹಾಸಿಗೆ ಹಿಡಿದ ಅವಳಮ್ಮ. ಕೆಟ್ಟ ನಗು ಬಂತು ನನಗೆ.

ಪುರಾವೆ ಕೊಟ್ಟರೆ ಪುರಾವೆಯೂ ಅವರ ಕೈವಾಡ ಅನ್ನುವವರಿಗೆ ವರದಿ ಅಂಟಿಸಿ ಏನು ಫಲ? ಈ ಸುಳ್ಳು ನಿನ್ನೆ ಮೊನ್ನೆಯದಲ್ಲವಂತೆ. ಅವಳಜ್ಜಿಯ ಊರಲ್ಲೂ ಬೇನೆ ಬಂದಾಗ ಬಾವಿಗೆ ವಿಷ ಹಾಕಿದವರು ಇವರೇ ಅಂತ ಹೇಳಿ ಇವರಿದ್ದ ಬೀದಿಗೆ ಬೆಂಕಿ ಇಟ್ಟರಂತೆ. "ಬಾವಿ ಹೋಗಿ ನಲ್ಲಿ ಬಂತು, ಮಾತು ಮಾತ್ರ ಅದೇ" ಅಂದಳು ಅವಳು, ಬಾಟಲಿ ತೊಳೆಯುತ್ತಾ. ನಿನ್ನ ಕಾಲೇಜಿನಲ್ಲಿ ದೂರದ ಯುದ್ಧದ ಬಗ್ಗೆ ಸಿಟ್ಟಿದೆ, ಗೊತ್ತು. ಆ ಸರಕಾರವನ್ನು ಬೈಯಿ, ಬೀದಿಗಿಳಿದು ಕೂಗು, ನಾನೂ ಬರುತ್ತೇನೆ. ಆದರೆ ಅದಕ್ಕೆ ನಿನಗೆ ಸೈಕಲ್ ಕಲಿಸಿದವಳು ಏಕೆ ಉತ್ತರ ಕೊಡಬೇಕು?

ಅವಳ ಕಿಟಕಿಗೆ ಕಲ್ಲು ಬಿತ್ತು. ಗಾಜಿನ ಚೂರು ಅವಳಮ್ಮನ ಹೊದಿಕೆಯ ಮೇಲೆ ಬಿದ್ದಿತ್ತು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಹೋಗಿದ್ದರು. ಕಚೇರಿಯವರು "ನಿಮ್ಮ ಒಳ್ಳೇದಕ್ಕೇ" ಎಂದು ಅವಳನ್ನು ಮನೆಯಲ್ಲಿರಲು ಹೇಳಿದ್ದಾರೆ. ಭಾನುವಾರ ಶಾಲೆಯಲ್ಲಿ ಸಭೆ. ಅವಳನ್ನು ಕೆಲಸದಿಂದ ತೆಗೆಯಬೇಕು ಅಂತ ಸಹಿ ಸಂಗ್ರಹ ನಡೆದಿದೆ. ಸೋಮವಾರದ ಹೊತ್ತಿಗೆ ಅವಳು ಅಮ್ಮನನ್ನು ಎತ್ತಿಕೊಂಡು ಎಲ್ಲಿಗಾದರೂ ಹೋಗಿಬಿಡುತ್ತಾಳೆ. ಸಾಮಾನು ಕಟ್ಟುವ ಸದ್ದು ಗೋಡೆಯಾಚೆಯಿಂದ ನನಗೆ ಕೇಳುತ್ತಿದೆ.

ಪುಟ್ಟಿ, ನೀನು ಬರಬೇಕು. ಸಭೆಯಲ್ಲಿ ಎದ್ದು ನಿಂತು, ಆ ಸಾಲು ಬರೆದದ್ದು ನಾನು, ಪುಡಿ ಏನೆಂದು ಗೊತ್ತಿದ್ದೂ ಬರೆದೆ, ಅದು ಸುಳ್ಳು ಅಂತ ಹೇಳಬೇಕು. ಎಲ್ಲರೂ ನಂಬುತ್ತಾರೆ ಅಂತ ಅಲ್ಲ. ಮಾತು ಎಲ್ಲಿಂದ ಹೊರಟಿತೋ ಅಲ್ಲಿಂದಲೇ ಅದನ್ನು ಸುಳ್ಳು ಅಂದರೆ, ಸಹಿ ಹಾಕಲು ಪೆನ್ನು ತೆಗೆದ ಒಂದಿಬ್ಬರಾದರೂ ತಡೆಯುತ್ತಾರೆ. ನಿನಗೆ ಹೆದರಿಕೆಯಾಗುತ್ತದೆ, ನಿನಗಾಗಿ ನನಗೂ ಹೆದರಿಕೆಯೇ. ಆದರೂ ಬಾ. ಅವಳ ಮುಂದೆ ನಿನ್ನ ಹೆಸರು ನಾನು ಎತ್ತಿಲ್ಲ, ಅವಳೂ ಕೇಳಿಲ್ಲ.

ಬರುವಾಗ ಹಿತ್ತಲ ಬಾಗಿಲಿನಿಂದ ಬಾ. ಮುಂಬಾಗಿಲಿಗೆ ಬಣ್ಣ ಆಗಿದೆ.

ನಿನ್ನ ಮೇಲೆ ಸಿಟ್ಟಿದ್ದರೂ ನಿನ್ನ ದಾರಿ ಕಾಯುವ,
ಅಮ್ಮ

ಮತ್ತೆ ಸೇರಿಸಿದ್ದು: ಹಿತ್ತಲ ಬಾಗಿಲು ಬೇಡ, ಮುಂದಿನಿಂದಲೇ ಬಾ. ಆ ಬಣ್ಣ ನಾನು ಬಳಿಸಿದ್ದಲ್ಲ. ಮಂಗಳವಾರ ಟ್ಯಾಂಕರಿನ ಸಾಲಿನಲ್ಲಿ ನಿಂತು, ಆ ಫೋಟೊ ತೆಗೆದವಳು ನಾನು, ಅದರಲ್ಲಿ ವಿಷ ಇಲ್ಲ ಅಂದೆ. ಯಾರಿಗೆ ಕಳಿಸಿದ್ದೆ ಅಂತ ಕೇಳಿದರು, ಹೇಳಲಿಲ್ಲ. ರಜೆಯೂ ನಾನು ಕೇಳಿ ಪಡೆದದ್ದಲ್ಲ, ಕಚೇರಿಯವರೇ ಕೊಟ್ಟದ್ದು. ಮರುದಿನ ಬೆಳಗ್ಗೆ ಅವಳ ಬಾಗಿಲ ಮೇಲಿದ್ದದ್ದೇ ನಮ್ಮ ಬಾಗಿಲ ಮೇಲೂ ಇತ್ತು: ನಿನ್ನದೇ ಸಾಲು, ಒಂದಕ್ಷರ ಬದಲಿಲ್ಲ. ಈಗ ನಾನು ಕಾಗದ ಮುಗಿಸುವಷ್ಟರಲ್ಲಿ ಅದನ್ನು ಅಳಿಸಲು ಅವಳು ಬಕೆಟ್ಟು ಹಿಡಿದು ಬಂದಳು. ಉಜ್ಜುತ್ತಾ ಉಜ್ಜುತ್ತಾ ಮೊದಲೆರಡು ಪದಗಳ ಮೇಲೆ ಕೈ ನಿಂತಿತು. ಬಾಟಲಿ ಚಿಕ್ಕಮ್ಮ ಅಂತ ಅವಳನ್ನು ಕರೆಯುವವರು ನಿನ್ನನ್ನು ಬಿಟ್ಟು ಇನ್ಯಾರಿದ್ದಾರೆ? ಆ ಸಾಲು ನಿನ್ನದೇ ಅಂತ ಕಲ್ಲು ಬಿದ್ದ ದಿನದಿಂದಲೇ ಅವಳಿಗೆ ಗೊತ್ತಿತ್ತಂತೆ. ಬ್ರಷ್ಷು ಕೆಳಗಿಟ್ಟು, "ಇದನ್ನ ಹೀಗೇ ಬಿಡು, ಅವಳೇ ಬಂದು ಅಳಿಸಲಿ. ಆದ್ರೆ ಇನ್ಮೇಲೆ ನನ್ನನ್ನ ಚಿಕ್ಕಮ್ಮ ಅಂತ ಕರೆಯೋದು ಬೇಡ ಅಂತ ಹೇಳು" ಅಂದಳು.