ತಟ್ಟೆ ಮುಚ್ಚಿಟ್ಟ ಗ್ಲಾಸು

ಅಪ್ಪಾ,

ಒಂಬತ್ತರ ಬಸ್ಸಿಗೆ ಸಂಪಾಜೆಗೆ ಹೊರಟೆ. ಅಲ್ಲಿನ ರೆಸಾರ್ಟಿನವರು ಇವತ್ತು ನನ್ನ ಕಾಕ್‌ಟೇಲ್ ಕುಡಿದು ನೋಡಿ ಕೆಲಸದ ವಿಷಯ ಹೇಳುತ್ತಾರೆ. "ಬಾರಿನ ಕೆಲಸ ಹುಡುಗಿಗೆ ಎಂತಕ್ಕೆ?" ಅಂತ ನೀವು ಇನ್ನೊಮ್ಮೆ ಕೇಳುವ ಮೊದಲೇ ಓಡುತ್ತಿದ್ದೇನೆ, ಬೇಜಾರು ಮಾಡಬೇಡಿ.

ಗಂಜಿ ಒಲೆಯ ಮೇಲೆ ಉಂಟು. ಚಟ್ನಿಗೆ ಒಗ್ಗರಣೆ ನೀವೇ ಹಾಕಿಕೊಳ್ಳಿ.

ಫ್ರಿಜ್ಜಿನ ಬಿಳಿ ಬಾಟಲಿಯಲ್ಲಿರುವುದು ಹಾಲಲ್ಲ, ಬಿಳಿ ಚಾಕಲೇಟಿನ ಲಿಕ್ಯೂರ್, ಕೆನೆ ಹಾಕಿದ ಸಿಹಿ ಮದ್ಯ. ಚಹಾಕ್ಕೆ ಸುರಿಯಬೇಡಿ.

ಮೊನ್ನೆ ಅದಕ್ಕೆ ಪುನರ್ಪುಳಿ ರಸ ಹಾಕಿ, ಮೂರು ಸಲವೂ ಒಡೆದು ಹೋಗಿ, ನಾನು ಅಳುತ್ತಾ ಕೂತಿದ್ದೆನಲ್ಲ. ಆಗ ನೀವು ಪೇಪರಿನಿಂದ ತಲೆ ಎತ್ತದೆಯೇ ಹೇಳಿದಿರಿ: "ಹುಳಿ ಹಾಕಿದ್ರೆ ಒಡೆಯುದಿಲ್ವಾ ಮಾರಾಯ್ತಿ? ಕಾಫಿ ಹಾಕಿ ನೋಡು."

ಹಾಕಿದೆ. ವೊಡ್ಕಾ, ತಣ್ಣಗಿನ ಕಾಫಿ, ಮೇಲೆ ಚೂರು ಜಾಯಿಕಾಯಿ ತುರಿ. ಒಡೆಯಲಿಲ್ಲ, ರೇಷ್ಮೆಯ ಹಾಗೆ ಬಂದಿದೆ. ಯಾರು ಕಲಿಸಿದ್ದು ಅಂತ ಅಲ್ಲಿ ಕೇಳಿದರೆ ನಿಮ್ಮ ಹೆಸರನ್ನೇ ಹೇಳುವವಳು ನಾನು.

ನಿಮಗೂ ಒಂದು ಗ್ಲಾಸ್ ಮಾಡಿ ತಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಖಾಲಿ ಹೊಟ್ಟೆಗೆ ಬೇಡ, ಊಟ ಆದ ಮೇಲೆ. ಹೇಗಾಗಿದೆ ಅಂತ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಸಂಜೆ ನಾನು ಬರುವಾಗ ಆ ಗ್ಲಾಸ್ ತೊಳೆದು ಕವುಚಿ ಹಾಕಿದ್ದು ಕಂಡರೆ ಸಾಕು.

ಯಶ್ಮಿತಾ